ಒಂದನೇ ಚೀಲ

"ಒಂದನೇ ಚೀಲ ಎಲ್ಲಿ?" ಎಂದು ಅಮರೇಶ್ ಮೂರನೇ ಸಲ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕೋಪ ಅವರ ಮೇಲಲ್ಲ. ಅವರು ಬೆಂಗಳೂರಿನ ತಪಾಸಣಾ ಸಂಸ್ಥೆಯವರು, ತಮ್ಮ ಪಾಡಿಗೆ ತಮ್ಮ ಕೆಲಸ ಮಾಡುತ್ತಿದ್ದರು. ಕೋಪ ನನ್ನ ಮೇಲೆ ನನಗೇ. ಅವರ ಕೈಯಲ್ಲಿದ್ದ ಕಾರ್ಡಿನಲ್ಲಿ ಒಂದು, ಎರಡು, ಮೂರು ಎಂದು ಸಾಲುಗಳನ್ನು ಅಚ್ಚು ಹಾಕಿಸಿದವಳು ನಾನೇ.

ಇದು ನಡೆದದ್ದು ಎರಡು ಸಾವಿರದ ಒಂದನೇ ಇಸವಿಯ ನವೆಂಬರಿನಲ್ಲಿ, ಹುಣಸೂರು ರಸ್ತೆಯ ಕಡೆಯ ಹೆಬ್ಬಾಳದ ನಮ್ಮ ಕಾರ್ಖಾನೆಯ ಗೇಟಿನಲ್ಲಿ. ಎಳೆ ಮಕ್ಕಳಿಗೆ ಗಂಜಿ ಕಾಯಿಸಿ ಕುಡಿಸುವ ಹಿಟ್ಟು ನಮ್ಮಲ್ಲಿ ತಯಾರಾಗುತ್ತಿತ್ತು. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಮುಸುಕಿನ ಜೋಳ. ಆ ಜೋಳವನ್ನು ಪರೀಕ್ಷೆ ಮಾಡಿ ಒಳಗೆ ಬಿಡುವುದು ನನ್ನ ಕೆಲಸ. ಪ್ರೇಮಲೀಲಾ ಎಂಬ ಸಹಿ ಬೀಳದೆ ಒಂದು ಕಾಳೂ ಗೋಡೌನು ಸೇರುವಂತಿರಲಿಲ್ಲ. ಈ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ನಮ್ಮದು ಕಾಳಿನ ಮನೆತನ. ಅಪ್ಪ ಮಹದೇವಯ್ಯನವರಿಗೆ ಸಂತೇಪೇಟೆಯಲ್ಲಿ ದವಸದ ಅಂಗಡಿ. ಹಣೆ ತುಂಬ ವಿಭೂತಿ ಧರಿಸಿ ಗಾದಿಯ ಮೇಲೆ ಕೂತರೆಂದರೆ, ಬಂದ ಜೋಳದಲ್ಲಿ ನಾಲ್ಕು ಕಾಳು ತೆಗೆದು ಹಲ್ಲಿನ ನಡುವೆ ಇಟ್ಟು ಕಡಿಯುವರು. ಕಟ್ ಎಂದರೆ ಒಣಗಿದೆ, ಮೆತ್ತಗೆ ಒಡೆದರೆ ಇನ್ನೆರಡು ದಿನ ಬಿಸಿಲು ಬೇಕು. ನಾನು ಬಿ.ಎಸ್ಸಿ. ಓದಿ, ತರಬೇತಿ ಮುಗಿಸಿ, ಅದೇ ಕೆಲಸವನ್ನು ತೇವಾಂಶದ ಮೀಟರು ಹಿಡಿದು ಮಾಡತೊಡಗಿದೆ. "ನಿನ್ನ ಮಿಷನ್ನು ಹೇಳೋದನ್ನ ನನ್ನ ಹಲ್ಲು ನಲವತ್ತು ವರ್ಷದಿಂದ ಹೇಳ್ತಾ ಇದೆ ಕಣಮ್ಮ" ಎಂದು ಅಪ್ಪ ಹಾಸ್ಯ ಮಾಡುತ್ತಿದ್ದರು.

ಮೂರು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಕಾರ್ಖಾನೆಯವರು 'ಖಾತ್ರಿ ಕಾಳು' ಎಂಬ ಯೋಜನೆ ಶುರು ಮಾಡಿದರು. ಸುತ್ತಲ ಹಳ್ಳಿಗಳ ರೈತರು ಗುಂಪಾಗಿ ಸೇರಬೇಕು. ಯಾವ ಹೊಲ, ಯಾವ ಬೀಜ, ಯಾವತ್ತು ಯಾವ ಔಷಧಿ ಹೊಡೆದದ್ದು, ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು. ಜೋಳವನ್ನು ಟಾರು ರಸ್ತೆಯ ಮೇಲೆ ಒಣಗಿಸಬಾರದು, ಟಾರ್ಪಾಲಿನ ಮೇಲೇ ಒಣಗಿಸಬೇಕು. ಕೋಳಿ, ನಾಯಿ ಹತ್ತಿರ ಸುಳಿಯಬಾರದು. ಪ್ರತಿ ಚೀಲಕ್ಕೂ ಊರು, ಸರ್ವೆ ನಂಬರು, ಚೀಲದ ನಂಬರು ಬರೆದ ಚೀಟಿ ಹೊಲಿಯಬೇಕು, ಆ ನಂಬರುಗಳೆಲ್ಲ ಕಾರ್ಡಿನಲ್ಲಿ ಇರಬೇಕು. ಇಷ್ಟೆಲ್ಲ ಮಾಡಿದವರ ಜೋಳವನ್ನು ಕಾರ್ಖಾನೆ ಮೊದಲು ಕೊಳ್ಳುತ್ತದೆ, ಅದು ಮುಗಿದ ಮೇಲೆಯೇ ಬೇರೆ ಕಡೆ ನೋಡುತ್ತದೆ. ಇದು ಮಾತು. ನಿಯಮಗಳನ್ನು ಬರೆಯಲು ನನಗೆ ಹೇಳಿದರು. ನಾನು ಹದಿನಾಲ್ಕು ಪುಟ ಬರೆದೆ. ನಿಯಮ ಬಿಗಿಯಾಗಿದ್ದಷ್ಟೂ ರೈತರ ಜೋಳಕ್ಕೆ ಮರ್ಯಾದೆ ಹೆಚ್ಚುತ್ತದೆ ಎಂದು ಆಗ ನಿಜವಾಗಿಯೂ ನಂಬಿದ್ದೆ.

ಹಳ್ಳಿಯವರು ಮೊದಲು ನಕ್ಕರು. ನಗದವರು ಕಾಳನಹುಂಡಿಯ ಕೆಂಚಮ್ಮ ಒಬ್ಬರೇ. ಐವತ್ತರ ಆಸುಪಾಸಿನ ಹೆಂಗಸು, ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಮನಸ್ಸು. ಹದಿನಾಲ್ಕು ಪುಟವನ್ನೂ ಮಗಳ ಕೈಲಿ ಓದಿಸಿ ಕೇಳಿಕೊಂಡು, "ನಮ್ಮ ಜ್ವಾಳ ಚೆಂದಾಗದೆ ಅಂತ ನಮಗೊತ್ತು. ಅವರ್ಗೂ ಗೊತ್ತಾಗ್ಲಿ ಬುಡಿ" ಎಂದವರು ಇಪ್ಪತ್ತೆರಡು ಮನೆಗಳನ್ನು ಒಟ್ಟುಗೂಡಿಸಿದರು. ಮೊದಲ ತಪಾಸಣೆಗೆ ನಾನೇ ಹೋಗಿದ್ದೆ. ಟಾರ್ಪಾಲಿನ ಅಂಚಿನಲ್ಲಿ ಒಂದು ಕೋಳಿ ನಡೆದದ್ದನ್ನು ನಾನು ಬರೆದುಕೊಂಡಾಗ ಕೆಂಚಮ್ಮ, "ಅದ್ಕೂ ಒಂದು ಕಾರ್ಡು ಮಾಡ್ಕೊಡವ್ವ, ದಿನಾ ಸೈನ್ ಮಾಡ್ಲಿ" ಎಂದಿದ್ದರು. ಮುಂದಿನ ಸಲ ಹೋದಾಗ ಊರಿನ ಕೋಳಿಗಳೆಲ್ಲ ಮಂಕರಿಯ ಕೆಳಗಿದ್ದವು.

ಆ ಬೆಳಗ್ಗೆ ಕೆಂಚಮ್ಮ ತಮ್ಮ ಗುಂಪಿನ ಆ ವರ್ಷದ ಮೊದಲ ಲೋಡು ತಂದಿದ್ದರು. ಟ್ರ್ಯಾಕ್ಟರು ಓಡಿಸಿಕೊಂಡು ಬಂದವರು ಗಂಡ ಸಿದ್ದರಾಜು. ಅವರದು ಮಾತು ಕಡಿಮೆ, ಆ ಖಾತೆಯನ್ನು ಮದುವೆಯಾದ ದಿನವೇ ಹೆಂಡತಿಗೆ ಬಿಟ್ಟುಕೊಟ್ಟವರು. ಅರವತ್ತನಾಲ್ಕು ಚೀಲ. ನಾನು ಮೂರು ಕಡೆಯಿಂದ ಕಾಳು ತೆಗೆದು ಮೀಟರಿಗೆ ಹಾಕಿದೆ. ಹನ್ನೆರಡೂವರೆ ಬಂತು, ನಮ್ಮ ಮಿತಿ ಹದಿನಾಲ್ಕು. ಕಲ್ಲಿಲ್ಲ, ಹುಳುವಿಲ್ಲ, ಮುಗ್ಗಲಿಲ್ಲ. ಯಾರೂ ನೋಡದಾಗ ಎರಡು ಕಾಳು ಕಡಿದೂ ನೋಡಿದೆ. ಕಟ್ ಎಂದಿತು.

ಆಮೇಲೆ ಅಮರೇಶ್ ಕಾರ್ಡು ಹಿಡಿದು ಚೀಟಿಗಳನ್ನು ತಾಳೆ ನೋಡತೊಡಗಿದರು. ಎರಡರಿಂದ ಅರವತ್ತನಾಲ್ಕರವರೆಗೆ ಎಲ್ಲ ಸರಿ. ಒಂದನೇ ನಂಬರಿನ ಚೀಲವೇ ಇರಲಿಲ್ಲ. ಬದಲಿಗೆ ಒಂದು ಚೀಲದ ಚೀಟಿಯ ಮೇಲೆ ದುಂಡಗೆ 'ಲಾಭ' ಎಂದು ಬರೆದಿತ್ತು. ಕಾರ್ಡಿನಲ್ಲಿಯೂ ಅಚ್ಚಾಗಿದ್ದ ಒಂದನ್ನು ಹೊಡೆದು ಪಕ್ಕದಲ್ಲಿ 'ಲಾಭ' ಎಂದು ಬರೆದಿದ್ದರು.

"ಅದೇ ಕಣಪ್ಪ ಮೊದಲ್ನೇದು. ಕಣ್ಣ ಮುಂದೇ ಕುಂತದಲ್ಲ!" ಎಂದರು ಕೆಂಚಮ್ಮ.

"ಅಮ್ಮ, ಲಾಭ ಅನ್ನೋದು ನಂಬರ್ ಅಲ್ಲ."

"ರಾಶಿ ಮುಂದೆ ನಿಂತ್ಕಂಡು ಒಂದು ಅಂತ ಯಾರಾದ್ರೂ ಅಂದಾರಾ? ನಿಮ್ಮನೇಲಿ ಎಂಗೆ ಎಣಿಸ್ತೀರಾ?"

"ನಮ್ಮನೇಲಿ ರಾಶಿ ಇಲ್ಲಮ್ಮ. ನಮ್ಮದು ರಾಜಾಜಿನಗರ."

ಅಮರೇಶ್ ವ್ಯಂಗ್ಯವಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು. ನಾನು ಮಧ್ಯೆ ಬಾಯಿ ಹಾಕಿ ವಿವರಿಸಿದೆ. ಕಣದಲ್ಲಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ರಾಶಿಯ ಮುಂದೆ ಬಾಯಿಂದ ಬರುವ ಮೊದಲ ಮಾತು ಒಳ್ಳೆಯದಾಗಿರಬೇಕು ಎಂದು. ಕೆಂಚಮ್ಮ ಎಣಿಸಿದ್ದನ್ನು ಮಗಳು ಸಿಂಚನ ಹೇಳಿದ ಹಾಗೇ ಬರೆದಿದ್ದಾಳೆ, ಅಷ್ಟೆ. ಹಿಂದಿನ ಮೂರು ವರ್ಷ ಕಾರ್ಡು ಬರೆದವರು ಊರಿನ ಮೇಷ್ಟ್ರು, ಈ ವರ್ಷ ಅವರಿಗೆ ವರ್ಗವಾಗಿತ್ತು.

ಹೇಳುತ್ತಾ ಹೇಳುತ್ತಾ ನನ್ನ ದನಿ ಇಳಿಯಿತು. ನಮ್ಮಪ್ಪನ ಅಂಗಡಿಯಲ್ಲಿ ಅಳೆಯಲು ಕೊಳಗ ಎತ್ತಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಇದೇ ಮಾತು. ಅದನ್ನು ಕೇಳುತ್ತಲೇ ಬೆಳೆದವಳು ಕಾರ್ಡು ಬರೆಯಲು ಕೂತಾಗ ಮರೆತಿದ್ದೆ. ಮರೆತಿದ್ದೆ ಎಂದರೂ ಪೂರ್ತಿ ನಿಜವಲ್ಲ. ಯೋಜನೆಯ ಮೊದಲ ವರ್ಷ, ನಮ್ಮ ಹಮಾಲಿಗಳ ಮುಖಂಡರಾದ ಜವರಪ್ಪ ತೂಕದ ಹತ್ತಿರ ರಾಗವಾಗಿ "ಲಾಭ..." ಎಂದು ಕೂಗಿದಾಗ, "ಇದು ಕಾರ್ಖಾನೆ ಜವರಪ್ಪ, ಕಣ ಅಲ್ಲ. ಒಂದು ಅನ್ನಿ" ಎಂದು ಗದರಿದವಳೂ ನಾನೇ. ಅವತ್ತಿನಿಂದ ಅವರು ಒಂದು ಎಂದೇ ಎಣಿಸುತ್ತಿದ್ದರು. ಈಗ ಅವರು ಕಂಬಕ್ಕೆ ಒರಗಿ ನಿಂತು ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಿದೆ.

"ನನಗೆ ಅರ್ಥ ಆಯ್ತು ಮೇಡಂ," ಎಂದರು ಅಮರೇಶ್. "ಆದರೆ ನಿಮ್ಮ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ. ಒಂದನೇ ಚೀಲ ನಾಪತ್ತೆ, ಒಂದು ಚೀಲಕ್ಕೆ ನಂಬರಿಲ್ಲ, ಕಾರ್ಡು ತಿದ್ದಿದೆ. ಮೂರು ತಪ್ಪು. ಗುರುತು ತಾಳೆಯಾಗದ ಲೋಡು ವಾಪಸ್. ಗುಂಪಿನ ಮುಖಂಡರ ಲೋಡು ವಾಪಸ್ಸಾದರೆ ಇಡೀ ಗುಂಪಿನ ಕಾರ್ಡು ಆ ವರ್ಷಕ್ಕೆ ರದ್ದು. ಒಂಬತ್ತನೇ ಪುಟ."

ಒಂಬತ್ತನೇ ಪುಟ ನನಗೆ ಬಾಯಿಪಾಠವಾಗಿತ್ತು. ಇಪ್ಪತ್ತೆರಡು ಮನೆಯವರು ವರ್ಷವೆಲ್ಲ ಕೋಳಿ ಮುಚ್ಚಿಟ್ಟು ಬೆಳೆದ ಜೋಳ ಒಂದು ಮಾತಿಗಾಗಿ ಗೇಟಿನ ಹೊರಗೆ ನಿಲ್ಲುವುದರಲ್ಲಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ತಪ್ಪು ನನ್ನ ಕಾರ್ಡಿನದು, ಬರೆ ಕೆಂಚಮ್ಮನವರಿಗೆ.

"ಇದು ತೀರಾ ಅನ್ಯಾಯ," ಎಂದೆ. "ಖರೀದಿ ಮ್ಯಾನೇಜರು ಒಪ್ಪಿದರೆ ಬಿಡಬಹುದಲ್ಲ?"

"ಅವರು ಬರೆದುಕೊಟ್ಟರೆ ಬಿಡಬಹುದು."

ಖರೀದಿ ಮ್ಯಾನೇಜರು ಬಿಂದುಮಾಧವರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಯಾದವಗಿರಿಯ ಮನೆಯಿಂದ ಹತ್ತು ಗಂಟೆಗೆ ಸರಿಯಾಗಿ ಬಂದವರು ವಿಷಯ ಕೇಳಿ ಬೇಸರ ಮಾಡಿಕೊಳ್ಳಲೇ ಇಲ್ಲ. ಅದನ್ನು ನೋಡಿಯೇ ನನಗೆ ಅನುಮಾನ ಬಂತು.

"ನಿಯಮ ಅಂದರೆ ನಿಯಮ ಮೇಡಂ. ಅದೂ ನೀವೇ ಬರೆದ ನಿಯಮ. ಇವತ್ತು ಇವರಿಗೆ ಬಿಟ್ಟರೆ ನಾಳೆ ಇನ್ನೊಬ್ಬರು ಇನ್ನೊಂದು ಬರೆದುಕೊಂಡು ಬರ್ತಾರೆ," ಎಂದು ಮುಗುಳ್ನಕ್ಕರು.

"ವಾಪಸ್ ಕಳಿಸಿದರೆ ಮಿಲ್ಲಿಗೆ ಜೋಳ? ಮಧ್ಯಾಹ್ನ ಒಂದು ಗಂಟೆಗೆ ಇರೋದೂ ಖಾಲಿ."

"ಬಂದಿದೆಯಲ್ಲ," ಎಂದು ಅವರು ಗೇಟಿನ ಆಚೆ ಕೈ ತೋರಿಸಿದರು.

ಗೇಟಿನ ಆಚೆ ಆರು ಲಾರಿ ಸಾಲಾಗಿ ನಿಂತಿದ್ದವು. ಬಂದರಿನಿಂದ ರಾತ್ರಿಯೆಲ್ಲ ಘಾಟಿ ಹತ್ತಿ ಬಂದ ಲಾರಿಗಳು. ಕಡಿಮೆ ಸುಂಕದಲ್ಲಿ ಹೊರದೇಶದ ಜೋಳ ಹಡಗಿನಲ್ಲಿ ಬರುತ್ತಿದೆ ಎಂದು ಕೇಳಿದ್ದೆ. ನಮ್ಮ ಗೇಟಿಗೇ ಬರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಈಗ ಎಲ್ಲ ತಿಳಿಯಾಯಿತು. ರೈತರ ಜೋಳ ಇರುವವರೆಗೆ ಬೇರೆ ಕಡೆ ಕೊಳ್ಳುವಂತಿಲ್ಲ. ರೈತರ ಕಾರ್ಡೇ ರದ್ದಾದರೆ ಆ ಮಾತೂ ರದ್ದು. ಬಿಂದುಮಾಧವರಿಗೆ ಕೆಂಚಮ್ಮನ ಲಾಭ ತುಂಬಾ ಅನುಕೂಲವಾಗಿತ್ತು.

ಅಪ್ಪ ಯಾವಾಗಲೂ ಹೇಳುತ್ತಾರೆ, ಬಡವನ ಕೋಪ ದವಡೆಗೆ ಮೂಲ ಎಂದು. ನನ್ನ ದವಡೆ ಬಹಳ ಸಲ ನೋವು ತಿಂದಿದೆ. ಅವತ್ತು ಮಾತ್ರ ಕೋಪವನ್ನು ನುಂಗಿಕೊಂಡು, ಮೇಜಿನ ಮೇಲಿದ್ದ ಖಾಲಿ ಕಾರ್ಡುಗಳಲ್ಲಿ ಆರನ್ನು ಎಣಿಸಿ ತೆಗೆದುಕೊಂಡು ಗೇಟಿನ ಆಚೆ ನಡೆದೆ. ಅಮರೇಶ್ ಹಿಂದೆಯೇ ಬಂದರು. ಕೆಂಚಮ್ಮನೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.

ಮೊದಲ ಲಾರಿಯ ಡ್ರೈವರನ್ನು ಕೇಳಿದೆ. "ಈ ಜೋಳ ಯಾವ ಹೊಲದ್ದು?"

ಆತ ನನ್ನನ್ನು ಒಂಥರಾ ನೋಡಿ ಒಂದು ಹಾಳೆ ಕೊಟ್ಟ. ಹಡಗಿನ ಹೆಸರು, ಬಂದರಿನ ಹೆಸರು, ತೂಕ. ಅಷ್ಟೇ ಇತ್ತು.

"ಬಿತ್ತಿದ್ದು ಯಾವಾಗ? ಔಷಧಿ ಏನು ಹೊಡೆದಿದ್ದಾರೆ? ಒಣಗಿಸಿದ್ದು ಎಲ್ಲಿ?"

"ನಂಗೇನ್ ಗೊತ್ತು ಅಕ್ಕಾ, ನಾನು ಲಾರಿ ಓಡ್ಸೋನು."

"ಚೀಲಕ್ಕೆ ನಂಬರ್ ಇದೆಯಾ?"

ಒಂದಕ್ಕೂ ಇರಲಿಲ್ಲ. ಆರು ಲಾರಿಗೂ ಸೇರಿ ಒಂಬೈನೂರು ಚಿಲ್ಲರೆ ಚೀಲ, ಎಲ್ಲವೂ ಒಂದೇ ಥರ. ಕಾಳು ತೆಗೆದು ಮೀಟರಿಗೆ ಹಾಕಿದೆ. ಹದಿಮೂರೂವರೆ. ಕಾಳು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ದಪ್ಪ ಕಾಳು, ಒಳ್ಳೆಯ ಬಣ್ಣ. ಕೆಂಚಮ್ಮ ಒಂದು ಹಿಡಿ ತೆಗೆದುಕೊಂಡು ಮೂಸಿ ನೋಡಿ, "ಕೆಟ್ಟದ್ದೇನಲ್ಲ ಬುಡು" ಎಂದರು. ನನಗೆ ಅವರ ಮೇಲೆ ಇನ್ನಷ್ಟು ಗೌರವ ಬಂತು. ಜಗಳ ಕಾಳಿನ ಮೇಲಲ್ಲ ಎಂಬುದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು.

ಆರು ಕಾರ್ಡನ್ನೂ ಖಾಲಿಯಾಗಿಯೇ ತಂದು ಬಿಂದುಮಾಧವರ ಮುಂದೆ ಹರಡಿದೆ. "ಈ ಲಾರಿಗಳೂ ವಾಪಸ್. ಒಂದನೇ ಚೀಲ ಇಲ್ಲ. ಎರಡನೇದೂ ಇಲ್ಲ. ಯಾವುದೂ ಇಲ್ಲ."

"ಏನ್ರೀ ಇದು ತಮಾಷೆ? ಕಾರ್ಡು ಇರೋದು ನಮ್ಮ ರೈತರಿಗೆ. ಹಡಗಿನ ಕಾಳಿಗೆ ಅದನ್ನೆಲ್ಲ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ."

ಮೇಜಿನ ಮೇಲೆ ನಮ್ಮ ಹಿಟ್ಟಿನ ಪೊಟ್ಟಣವೊಂದು ಯಾವಾಗಲೂ ಇರುತ್ತಿತ್ತು. ಅದನ್ನೆತ್ತಿ ಅದರ ಮೇಲೆ ಹಸಿರು ಅಕ್ಷರದಲ್ಲಿ ಅಚ್ಚಾಗಿದ್ದನ್ನು ಗಟ್ಟಿಯಾಗಿ ಓದಿದೆ. "'ಈ ಪೊಟ್ಟಣದ ಪ್ರತಿಯೊಂದು ಕಾಳಿನ ಹೊಲ ನಮಗೆ ಗೊತ್ತು.' ಹೇಳಿ ಸಾರ್, ಗೊತ್ತಾ?"

"ಅದು ಜಾಹೀರಾತು ಮೇಡಂ."

"ಅಲ್ಲ ಸಾರ್," ಎಂದರು ಅಮರೇಶ್. ಅಲ್ಲಿಯವರೆಗೆ ಅವರ ದನಿ ಅಷ್ಟು ಸ್ಪಷ್ಟವಾಗಿ ಕೇಳಿಯೇ ಇರಲಿಲ್ಲ. "ಅದರ ಕೆಳಗೆ ನಮ್ಮ ಸಂಸ್ಥೆಯ ಮುದ್ರೆ ಇದೆ. ಇವರ ಒಂದು ಚೀಲಕ್ಕೆ ನಂಬರಿಲ್ಲ ಅಂತ ಬರೆದುಕೊಂಡ ಪೆನ್ನಿನಲ್ಲೇ ಇದನ್ನೂ ಬರೆದುಕೊಳ್ಳಬೇಕಾಗುತ್ತೆ."

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದರು ಕೆಂಚಮ್ಮ, ಯಾರಿಗೂ ಹೇಳದವರ ಹಾಗೆ.

ಬಿಂದುಮಾಧವರು ಒಳಗೆ ಹೋಗಿ ದೊಡ್ಡ ಸಾಹೇಬರಿಗೆ ಫೋನು ಮಾಡಿದರು. ಗಾಜಿನ ಬಾಗಿಲಿನ ಆಚೆ ಅವರು ಕೂರುವುದು, ಏಳುವುದು, ಗಡಿಯಾರ ನೋಡುವುದು ಕಾಣುತ್ತಿತ್ತು. ನಾವು ನೆರಳಿನಲ್ಲಿ ನಿಂತೆವು. ಎರಡು ಗಂಟೆ ಪಾಳಿಯವರಲ್ಲಿ ಬೇಗ ಬಂದವರು ಆಗಲೇ ಬಸ್ಸಿಳಿದು, ಆರು ಲಾರಿ ಒಂದು ಟ್ರ್ಯಾಕ್ಟರು ದಾರಿ ಕಟ್ಟಿಕೊಂಡು ನಿಂತದ್ದನ್ನು ನೋಡುತ್ತಾ ಪಕ್ಕದಿಂದ ನುಸುಳಿಕೊಂಡು ಬರುತ್ತಿದ್ದರು. ಸಿದ್ದರಾಜು ಟ್ರ್ಯಾಕ್ಟರಿನ ಮೇಲಿಂದ ಇಳಿಯಲೇ ಇಲ್ಲ. ಕೆಂಚಮ್ಮ ಬುತ್ತಿ ಬಿಚ್ಚಿ ಅವರಿಗೊಂದು ರಾಗಿ ರೊಟ್ಟಿ ಕೊಟ್ಟು, ನನಗೂ ಅರ್ಧ ಮುರಿದು ಕೊಟ್ಟರು. ಹುಚ್ಚೆಳ್ಳಿನ ಚಟ್ನಿ ಖಾರವಾಗಿತ್ತು. ಗೆಲ್ಲುತ್ತೇವೆ ಎಂದು ನನಗೆ ಆಗಲೇ ಅನ್ನಿಸಿತ್ತು.

ಹನ್ನೆರಡು ಗಂಟೆಗೆ ಬಿಂದುಮಾಧವರು ಹೊರಗೆ ಬಂದರು. ಮುಖದಲ್ಲಿ ಮುಗುಳ್ನಗೆ ವಾಪಸ್ಸಾಗಿತ್ತು. "ಆಯ್ತು. ಈ ಸಲಕ್ಕೆ ಕೆಂಚಮ್ಮನವರ ಲೋಡು ತಗೊಳ್ಳೋಣ, ನಾನು ನೋಡಿಯೂ ನೋಡದ ಹಾಗೆ ಇರ್ತೀನಿ. ನೀವೂ ಲಾರಿಗಳನ್ನ ಬಿಟ್ಟುಬಿಡಿ. ಎಲ್ಲರಿಗೂ ಒಳ್ಳೇದು."

ನಿಜ ಹೇಳುತ್ತೇನೆ, ನನಗೆ ನಿರಾಳವಾಯಿತು. ಪೆನ್ನು ತೆಗೆದು ಕೆಂಚಮ್ಮನವರ ಕಾರ್ಡಿಗೆ ಸಹಿ ಹಾಕಲು ಬಗ್ಗಿದೆ. ಕೆಂಚಮ್ಮ ಕಾರ್ಡಿನ ಮೇಲೆ ಅಂಗೈ ಇಟ್ಟರು.

"ಬ್ಯಾಡ ಕಣವ್ವ."

"ಯಾಕ್ರೀ ಕೆಂಚಮ್ಮ? ತಗೋತಾರಂತಲ್ಲ!"

"ನಂದು ತಗತಾರೆ. ನಾಳಿಕ್ಕೆ ಶಿವಮಲ್ಲಪ್ಪಂದು ಬತ್ತದೆ, ನಾಡಿದ್ದು ದೇವಿರಮ್ಮಂದು. ಇಪ್ಪತ್ತೆರಡು ಮನೆ ರಾಶಿನೂ ನಾನೇ ನಿಂತ್ಕಂಡು ಎಣಿಸಿವ್ನಿ, ಎಲ್ಲಾರ್ದೂ ನಮ್ಮ ಸಿಂಚನಾನೇ ಬರ್ದವ್ಳೆ. ಎಲ್ಲಾರ ಮೊದಲ್ನೇ ಚೀಲಾನೂ ಲಾಭಾನೇಯ. ಅವಾಗ ಇವರು ನೋಡ್ದಂಗೆ ಇರ್ತಾರಾ? ನನ್ನೊಬ್ಬಳ್ದು ಒಳೀಕೆ ಬುಟ್ಟು ಅವರ್ದೆಲ್ಲಾ ವಾಪಸ್ ಕಳುಸ್ಬುಟ್ರೆ ನಾನು ಊರಿಗೆ ಎಂಗೆ ಮುಖ ತೋರ್ಸ್ಲಿ? ನಾನು ಮಾತು ಕೊಟ್ಟು ಸೇರ್ಸಿರೋಳು." ಅವರು ಬಿಂದುಮಾಧವರ ಕಡೆ ತಿರುಗಿದರು. "ಸ್ವಾಮಿ, ನಿಮ್ಮ ದಯೆ ನಂಗೆ ಬ್ಯಾಡಿ. ನಮ್ಮದು ಸರಿಯಾಗದೆ ಅಂತ ಬರವಣಿಗೇಲಿ ಕೊಡಿ. ಇಲ್ದಿದ್ರೆ ಇಲ್ಲೇ ಕುಂತಿರ್ತೀನಿ."

ಹಾಗೆಂದವರು ಟ್ರ್ಯಾಕ್ಟರಿನ ಟ್ರೈಲರು ಹತ್ತಿ ಲಾಭದ ಚೀಲದ ಮೇಲೆಯೇ ಕಾಲು ಇಳಿಬಿಟ್ಟು ಕೂತರು. ಸಿದ್ದರಾಜು ಆ ದಿನದ ತಮ್ಮ ಮೊದಲ ಮಾತು ಆಡಿದರು. "ಅವಳು ಕುಂತ್ರೆ ಕುಂತ್ಳೇಯ."

ನನಗೆ ನಾಚಿಕೆಯಾಯಿತು. ಹದಿನಾಲ್ಕು ಪುಟ ಬರೆದ ನಾನು ಒಂದು ಲೋಡು ಒಳಗೆ ಬಿಟ್ಟು ಕೈ ತೊಳೆದುಕೊಳ್ಳುವುದರಲ್ಲಿದ್ದೆ. ಇಪ್ಪತ್ತೊಂದು ಲೋಡು ಅವರ ಲೆಕ್ಕದಲ್ಲಿತ್ತು, ನನ್ನ ಲೆಕ್ಕದಲ್ಲಿರಲಿಲ್ಲ.

ಅಮರೇಶ್ ಕಾರ್ಡನ್ನು ತಿರುಗಿಸಿ ನೋಡಿ ಮೆಲ್ಲಗೆ ಹೇಳಿದರು. "ಮೇಡಂ, ಒಂದು ದಾರಿ ಇದೆ. ತಪ್ಪು ರೈತರದಲ್ಲ, ಕಾರ್ಡಿನ ನಮೂನೆಯದೇ ಅಂತ ಆದರೆ ನಾನು ಎಲ್ಲ ಕಾರ್ಡನ್ನೂ ಒಪ್ಪಬಹುದು. ಆದರೆ ನಮೂನೆ ಮಾಡಿದವರು ಅದನ್ನ ಬರೆದು ಸಹಿ ಹಾಕಬೇಕು. ಅದು ನಿಮ್ಮ ಕಡತಕ್ಕೆ ಹೋಗುತ್ತೆ."

ಬಿಂದುಮಾಧವರು ನನ್ನ ಕಡೆ ನೋಡಿದರು. ಅವರಿಗೆ ಗೊತ್ತಿತ್ತು, ಹನ್ನೊಂದು ವರ್ಷದಲ್ಲಿ ನನ್ನ ಕಡತದಲ್ಲಿ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲವೆಂದು. ನಾನು ತಪ್ಪು ಒಪ್ಪಿಕೊಳ್ಳುವ ಜಾತಿಯವಳಲ್ಲ ಎಂದೂ ಗೊತ್ತಿತ್ತು. ಜಯಲಕ್ಷ್ಮಿಪುರಂನ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ತಪ್ಪು ಉಪ್ಪಿನದೇ ಹೊರತು ನನ್ನದಲ್ಲ.

ಮಾಡಿದ್ದುಣ್ಣೋ ಮಹರಾಯ ಎಂದು ಹಾಳೆ ಎಳೆದುಕೊಂಡೆ. ಬರೆದೆ. 'ಈ ಜಿಲ್ಲೆಯ ಕಣಗಳಲ್ಲಿ ಮೊದಲ ಅಳತೆಯನ್ನು ಲಾಭ ಎಂದು ಎಣಿಸುವುದು ರೂಢಿ. ಇದು ನನಗೆ ತಿಳಿದಿತ್ತು. ತಿಳಿದಿದ್ದೂ ಕಾರ್ಡಿನಲ್ಲಿ ಅದಕ್ಕೆ ಜಾಗ ಬಿಡಲಿಲ್ಲ. ತಪ್ಪು ನನ್ನದು. ಲಾಭ ಎಂದಿರುವ ಚೀಲವೇ ಒಂದನೇ ಚೀಲ.' ಸಹಿ ಹಾಕಿದೆ. ಬರೆದ ಮೇಲೆ ಒಂದು ಥರ ಹಗುರವೇ ಆಯಿತು.

"ಈಗ ಲಾರಿಗಳು," ಎಂದು ಬಿಂದುಮಾಧವರತ್ತ ತಿರುಗಿದೆ. "ಅವೂ ಒಳಗೆ ಬರಲಿ, ಬೇಡ ಅನ್ನಲ್ಲ. ಆದರೆ ರೈತರ ಜೋಳ ಇರುವವರೆಗೆ ಮಿಲ್ಲಿಗೆ ಹೋಗುವ ಸರದಿ ಅದಕ್ಕೆ ಆಮೇಲೆ, ಮೊದಲು ರೈತರದು ಅಂತ ನೀವು ಕೊಟ್ಟ ಮಾತು ಅದು. ಅವುಗಳಿಗೂ ಇದೇ ಕಾರ್ಡು ತುಂಬ್ತೀನಿ. ಗೊತ್ತಿಲ್ಲದ ಕಡೆ 'ತಿಳಿಯದು' ಅಂತ ಬರೀತೀನಿ. ಆ ಜೋಳ ಬೇರೆ ಗೋಡೌನಿಗೆ ಹೋಗಬೇಕು. ಅದರ ಹಿಟ್ಟಿನ ಪೊಟ್ಟಣದ ಮೇಲೆ ಈ ಹಸಿರು ಅಕ್ಷರ ಇರಬಾರದು. ಹೊಲ ಗೊತ್ತಿರೋದಕ್ಕೆ ಗೊತ್ತು ಅನ್ನೋಣ, ಗೊತ್ತಿಲ್ಲದ್ದಕ್ಕೆ ಸುಮ್ಮನಿರೋಣ. ಇದಕ್ಕೆ ನೀವು ಸಹಿ ಹಾಕಿ."

"ಹಾಕದಿದ್ದರೆ?"

"ಹಾಕದಿದ್ದರೆ ಒಂದೇ ನ್ಯಾಯ. ಏಳೂ ಗಾಡಿ ವಾಪಸ್. ಎರಡು ಗಂಟೆಗೆ ಪಾಳಿಯವರು ಬಂದು ಮಿಲ್ಲಿನ ಮುಂದೆ ಕೈ ಕಟ್ಟಿಕೊಂಡು ನಿಂತಾಗ ದೊಡ್ಡ ಸಾಹೇಬರಿಗೆ ನೀವೇ ಹೇಳಿ."

ಗಡಿಯಾರ ಹನ್ನೆರಡೂ ಮುಕ್ಕಾಲು ತೋರಿಸುತ್ತಿತ್ತು. ಅವರು ಸಹಿ ಹಾಕಿದರು. "ನಿಮ್ಮ ಕಡತಕ್ಕೆ ಇವತ್ತೊಂದು ಹಾಳೆ ಸೇರಿತು, ನೆನಪಿಟ್ಟುಕೊಳ್ಳಿ," ಎಂದರು. "ನಿಮ್ಮದಕ್ಕೂ ಒಂದು ಸೇರಿತು ಸಾರ್," ಎಂದೆ. ಅಮರೇಶ್ ಬಗ್ಗಿ ಷೂ ಲೇಸು ಕಟ್ಟಿಕೊಳ್ಳತೊಡಗಿದರು. ಅದು ಬಿಚ್ಚಿಯೇ ಇರಲಿಲ್ಲ.

ಟ್ರ್ಯಾಕ್ಟರು ತೂಕದ ಹತ್ತಿರ ಬಂದು ನಿಂತಿತು. ಕೆಂಚಮ್ಮ ಇಳಿದು, ತಾವು ಕೂತಿದ್ದ ಚೀಲವನ್ನು ಒಂದು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಜವರಪ್ಪ ತಲೆಗೆ ಗೋಣಿ ಹೊದ್ದು ಅದನ್ನು ಬೆನ್ನಿಗೆ ತೆಗೆದುಕೊಂಡರು. ಬಾಯಿ ತೆರೆದವರು ಹಾಗೇ ನಿಂತು ನನ್ನ ಕಡೆ ನೋಡಿದರು.

"ಅನ್ನಿ ಜವರಪ್ಪ," ಎಂದೆ. "ಕಾರ್ಡಲ್ಲೇ ಇದೆ."

"ಲಾ...ಭ!"

ಮೂರು ವರ್ಷ ಕಟ್ಟಿಟ್ಟುಕೊಂಡಿದ್ದ ದನಿ ಅದು. ಪಾಳಿಯವರೆಲ್ಲ ತಿರುಗಿ ನೋಡಿದರು. ಹಿಂದಿನವರು ಎರಡು ಎಂದರು, ಮೂರು ಎಂದರು, ಅರವತ್ತನಾಲ್ಕು ಚೀಲವೂ ಹೀಗೆ ಒಳಗೆ ಹೋದವು. ಮಿಲ್ಲು ನಿಲ್ಲಲಿಲ್ಲ.

ಆಮೇಲೆ ನಾನು ಮೊದಲ ಲಾರಿಯ ಕಾರ್ಡು ತುಂಬಲು ಕೂತೆ. ಕೆಂಚಮ್ಮ ಹೊರಡುವ ಮುನ್ನ ನನ್ನ ಹೆಗಲ ಮೇಲಿಂದ ಬಗ್ಗಿ, "ಏನಂತ ಬರೀತಿದ್ದೀಯವ್ವ? ಓದೇಳು" ಎಂದರು. ಓದಿದೆ. ಹೊಲ, ತಿಳಿಯದು. ಬಿತ್ತಿದ ದಿನ, ತಿಳಿಯದು. ಒಣಗಿಸಿದ ಜಾಗ, ತಿಳಿಯದು. ಬೆಳೆದವರ ಹೆಸರು, ತಿಳಿಯದು.

ಕೆಂಚಮ್ಮನ ಮುಖದಲ್ಲಿ ಗೆದ್ದ ನಗು ಇತ್ತು. ಅದು ಕಡಿಮೆಯಾಯಿತು. ಲಾರಿಯ ಕಡೆ ಸ್ವಲ್ಪ ಹೊತ್ತು ನೋಡಿದರು.

"ಪಾಪ ಕಣವ್ವ," ಎಂದರು. "ಅವ್ರೂ ರಾಶಿ ಮುಂದೆ ನಿಂತ್ಕಂಡು ಮೊದಲ್ನೇ ಚೀಲಕ್ಕೆ ಏನೋ ಒಂದು ಒಳ್ಳೇ ಮಾತು ಅಂದಿರ್ತಾರೆ. ಅಲ್ಲಿಂದ ಇಲ್ಲೀಗಂಟ ಯಾರೂ ಕೇಳ್ನೇ ಇಲ್ವಲ್ಲ."

ಟ್ರ್ಯಾಕ್ಟರು ಗೇಟು ದಾಟಿ ಹುಣಸೂರು ರಸ್ತೆಯ ಕಡೆ ತಿರುಗಿತು. ಜವರಪ್ಪ ನಮ್ಮ ಮಾತು ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ಇಳಿಸುವ ಸರದಿ ಬಂದಾಗ ಲಾರಿಯ ಹಿಂಬಾಗಿಲು ಬಿಚ್ಚಿ, ಹಡಗಿನ ಜೋಳದ ಮೊದಲ ಚೀಲವನ್ನು ಬೆನ್ನಿಗೆ ತೆಗೆದುಕೊಂಡರು. ಈ ಸಲ ನನ್ನ ಕಡೆ ನೋಡಲಿಲ್ಲ. ಅದೇ ರಾಗದಲ್ಲಿ, ಅಷ್ಟೇ ಗಟ್ಟಿಯಾಗಿ, "ಲಾಭ" ಎಂದು ಕೂಗಿದರು.